ತಟ್ಟೆಗೆ ಬಿಟ್ಟ ಕಳ್ಳ

ಕಾವೂರು, ಮಂಗಳೂರು
14 ಆಗಸ್ಟ್ 2024

ರೂಪೇಶಾ,

ದಿನಾ ಫೋನ್ ಮಾಡುವವನಿಗೆ ಕಾಗದ ಯಾಕೆ ಎಂದು ನಗಬೇಡ. ನಿನ್ನ ಫೋನ್ ಬಂದ ಕೂಡಲೇ ಅಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲಿ ಕೂರುತ್ತಾರೆ. "ಊಟ ಆಯ್ತಾ, ಬಿಸಿಲು ಉಂಟಾ" ಎನ್ನುವಷ್ಟರಲ್ಲಿ ನಿನ್ನ ಆ ಟಾಂಜಾನಿಯಾದ ನೆಟ್‌ವರ್ಕ್ ಸತ್ತು ಹೋಗುತ್ತದೆ. ಬಾಯ್ಲರಿನ ವಿಲ್ಸನ್ ದಣಿಗಳ ಇಲ್ಲಿಯ ಮತ್ತು ಅಲ್ಲಿಯ ಫ್ಯಾಕ್ಟರಿಗಳ ನಡುವೆ ಹೋಗಿ ಬರುತ್ತಾ ಇರುತ್ತಾನಲ್ಲ, ಇದನ್ನು ಅವನ ಬ್ಯಾಗಿಗೆ ತುರುಕಿದ್ದೇನೆ. ಮತ್ತೆ ತುಳುವಿನಲ್ಲಿ ಬಾಯಿ ತೆರೆದರೆ ನಮ್ಮಿಬ್ಬರಿಗೆ ಜಗಳವೇ ಆಗುವುದು. ಕನ್ನಡದಲ್ಲಿ ಬರೆಯುವಾಗ ನಾನು ಸ್ವಲ್ಪ ಮರ್ಯಾದೆಯವಳಾಗುತ್ತೇನೆ.

ಇಲ್ಲಿ ಮಳೆ ಬಿಡುವುದಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ಮಳೆಗಾಲ ಎಂದರೆ ಮಂಡೆಬಿಸಿ. ತಿರುಳು ಥಂಡಿ ಹಿಡಿದು ಮೆತ್ತಗಾಗುತ್ತದೆ, ಹುಳ ಬೇರೆ. ಗ್ರೇಡಿಂಗ್ ಹಾಲ್‌ನಲ್ಲಿ ನಾನು, ಸೌದಾ ಮತ್ತು ನಮ್ಮ ಮೇಜಿನವರು ಬೆಳಗಿನಿಂದ ಕೂತು ಬಿಳಿಯದ್ದು, ಕರಟಿದ್ದು, ಹುಳ ಕೊರೆದದ್ದು ಎಂದು ಬೇರೆ ಮಾಡುವುದೇ ಮಾಡುವುದು. ನಿರೀಕ್ಷಾ ಎಂಬ ಹೊಸ ಹುಡುಗಿಗೆ ಕಲಿಸುವ ಕೆಲಸ ನನ್ನ ತಲೆಗೆ ಬಂದಿದೆ. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

ಏರ್‌ಪೋರ್ಟಿನಲ್ಲಿ ನೀನು ಹೇಳಿದ ಮಾತನ್ನು ನಾನು ಮರೆತಿಲ್ಲ. "ಈ ಕೆಲಸವೂ ಹೋದರೆ ಊರಿಗೆ ಮುಖ ತೋರಿಸುವುದಿಲ್ಲ ಅಕ್ಕಾ" ಎಂದೆ. ಮಸ್ಕತ್‌ನ ಕೆಲಸ ಹೋಗಿ ನೀನು ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ನಾನು ಫ್ಯಾಕ್ಟರಿಗೆ ಹೋದರೂ ಜೀವ ಮನೆಯಲ್ಲೇ ಇರುತ್ತಿತ್ತು. ನಿನ್ನ ಕೋಣೆಗೆ ಒಳಗಿನಿಂದ ಚಿಲಕ ಹಾಕಲು ಬಿಡಬೇಡ ಎಂದು ಅಮ್ಮನಿಗೆ ಹೇಳಿ ಹೋಗುತ್ತಿದ್ದೆ. ಸಂಕಪ್ಪ ದಣಿಗಳ ಮಣ್ಣಗುಡ್ಡದ ಮನೆಗೆ ಹೋಗಿ, ನನ್ನ ತಮ್ಮನಿಗೆ ಐಟಿಐ ಆಗಿದೆ, ನಿಮ್ಮ ಹೊಸ ಫ್ಯಾಕ್ಟರಿಗೆ ಕಳಿಸಿ ಎಂದು ಕೇಳಿದವಳು ನಾನು. ಆದ್ದರಿಂದ ಇನ್ನು ಅಂಥ ಮಾತು ಆಡಿದರೆ ಜಾಗ್ರತೆ.

ನಮ್ಮ ಗೋಣಿಗಳ ಮೇಲೆ "ಮ್ಟ್ವಾರಾ" ಎಂದು ಅಚ್ಚು ಹಾಕಿದ್ದನ್ನು ಎಷ್ಟು ವರ್ಷದಿಂದ ನೋಡಿದ್ದೇನೆ. ಈಗ ಆ ಊರಿನಲ್ಲಿ ನನ್ನ ತಮ್ಮ ಇದ್ದಾನೆ. ಅಲ್ಲಿಯ ಜನ ಹೇಗೆ, ಬರೆ.

ನಿನ್ನ ಅಕ್ಕ
ಕುಶಲಾ


ಮ್ಟ್ವಾರಾ
5 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಕಾಗದ ಸಿಕ್ಕಿತು, ಜೊತೆಗೆ ಕಳಿಸಿದ ಮಿಡಿ ಉಪ್ಪಿನಕಾಯಿಯೂ. ವಿಲ್ಸನ್ ದಾರಿಯಲ್ಲೇ ಬಾಟ್ಲಿ ತೆರೆದಿದ್ದಾನೆ, ಅವನ ಶರಟು ನೋಡಿಯೇ ಗೊತ್ತಾಯಿತು.

ಊರು ನಮ್ಮ ಉಳ್ಳಾಲದ ಹಾಗೆಯೇ. ಸಮುದ್ರ, ತೆಂಗಿನಮರ, ಒಣಮೀನಿನ ವಾಸನೆ. ಇಲ್ಲಿ ಅಕ್ಕನಿಗೆ "ದಾದಾ" ಎನ್ನುತ್ತಾರೆ. ಮೊದಲ ದಿನ ಯಾರೋ ಒಬ್ಬ ಹೆಂಗಸನ್ನು ಹಾಗೆ ಕರೆದಾಗ, ನಮ್ಮ ತುಳುವಿನ ದಾದ, ಅಂದರೆ "ಎಂತ" ಎಂದು ಕೇಳಿದರು ಅಂದುಕೊಂಡು ನಾನು ಉತ್ತರ ಕೊಡಲಿಕ್ಕೆ ಹೋದೆ. ಎಲ್ಲರೂ ನಕ್ಕರು.

ಇಲ್ಲಿಯ ಬೀಜ ಇಷ್ಟು ವರ್ಷ ಹಾಗೆಯೇ ಹಡಗು ಹತ್ತಿ ನಮ್ಮ ಊರಿಗೆ ಬರುತ್ತಿತ್ತು. ಇನ್ನು ಹಾಗೆ ಆಗಬಾರದು, ಇಲ್ಲಿಯೇ ಸುಲಿದು ತಿರುಳು ಮಾಡಿ ಕಳಿಸಬೇಕು, ಇಲ್ಲಿಯ ಜನರಿಗೆ ಕೆಲಸ ಸಿಗಬೇಕು ಎಂದು ಇವರ ಆಸೆ. ಅದಕ್ಕೇ ದಣಿಗಳಿಗೆ ಜಾಗ ಕೊಟ್ಟಿದ್ದಾರೆ. ಬೆಳಿಗ್ಗೆ ಗೇಟಿನ ಹೊರಗೆ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಬಣ್ಣದ ಬಟ್ಟೆ ಸುತ್ತಿಕೊಂಡು.

ಅಕ್ಕಾ, ನಿನ್ನಿಂದ ಒಂದು ಉಪಕಾರ ಆಗಬೇಕು. ಪ್ರತಿ ಗ್ರೇಡಿನದ್ದೂ ಮಾದರಿ ತಿರುಳು ಬೇಕು, ಒಂದೊಂದು ನಮೂನೆಗೆ ಒಂದೊಂದು ಡಬ್ಬಿ. ಇಲ್ಲಿಯ ಹುಡುಗಿಯರಿಗೆ ಕಲಿಸಲಿಕ್ಕೆ. ಝೈನಬ್ ಎಂದು ಒಬ್ಬಳು ಇದ್ದಾಳೆ, ಭಾರೀ ಚುರುಕು, ಅವಳಿಂದ ಶುರು ಮಾಡುವುದು. "ಕುಶಲಕ್ಕನ ಕೈಯದ್ದೇ ಆಗಬೇಕು, ಬೇರೆಯವರದ್ದು ಬೇಡ" ಎಂದು ದಣಿಗಳ ಮಗಳು ಮನ್ವಿತಾ ಮೇಡಂ ಹೇಳಿದ್ದಾರೆ. ಹಾಲ್‌ನಲ್ಲಿ ಇದನ್ನು ದೊಡ್ಡ ಸುದ್ದಿ ಮಾಡಬೇಡ, ಮೇಡಮಿಗೆ ಇಷ್ಟ ಆಗುವುದಿಲ್ಲ.

ಈ ಸೀಸನ್ನಿನ ಮಾಲು ಸರಿಯಾಗಿ ಹೋದರೆ ನನ್ನನ್ನು ಪರ್ಮನೆಂಟ್ ಮಾಡುತ್ತಾರೆ. ಎಲ್ಲ ಆ ಡಬ್ಬಿಗಳ ಮೇಲೆ ನಿಂತಿದೆ ಅಕ್ಕಾ.

ರೂಪೇಶ್


ಕಾವೂರು
30 ಸೆಪ್ಟೆಂಬರ್ 2024

ರೂಪೇಶಾ,

ವಿಲ್ಸನ್ ನಾಳೆ ಹೊರಡುತ್ತಾನೆ. ಡಬ್ಬಿಗಳು ಅವನ ಹತ್ತಿರ ಇವೆ. ಒಂದೊಂದರ ಮೇಲೂ ಚೀಟಿ ಅಂಟಿಸಿದ್ದೇನೆ. ಹಾಲ್ ಬಿಟ್ಟ ಮೇಲೆ ಒಬ್ಬಳೇ ಕೂತು ಮಾಡಿದೆ. ಸುದ್ದಿ ಮಾಡಬೇಡ ಎಂದೆಯಲ್ಲ, ಮಾಡಲಿಲ್ಲ. ಸೌದಾಳಿಗೆ ಮಾತ್ರ ಹೇಳಿದೆ. ಸೌದಾಳಿಗೆ ಹೇಳುವುದು ಸುದ್ದಿ ಮಾಡಿದ ಹಾಗೆ ಅಲ್ಲ, ಅವಳ ಹತ್ತಿರ ಮುಚ್ಚಿಡುವುದು ನನ್ನಿಂದ ಆಗುವ ಕೆಲಸ ಅಲ್ಲ. ಅವಳು ಅಷ್ಟು ದೂರದ ಹುಡುಗಿಗೆ "ಝೈನಬ್, ನಮ್ಮವಳೇ" ಎಂದು ಆಗಲೇ ನೆಂಟಸ್ತಿಕೆ ಶುರು ಮಾಡಿದ್ದಾಳೆ.

ನನಗೆ ಎಷ್ಟು ಸಂತೋಷ ಆಯಿತು ಗೊತ್ತುಂಟಾ? ಇಷ್ಟು ವರ್ಷ ನಾನು ಬೇರೆ ಮಾಡಿದ್ದನ್ನೆಲ್ಲ ಯಾರೋ ತಿಂದು ಮುಗಿಸಿದರು. ಕಲಿಸಿದ್ದು ಮಾತ್ರ ಉಳಿಯುವುದು. ಸಮುದ್ರದ ಆಚೆ ಒಬ್ಬಳು ನನ್ನ ಹಾಗೆ ತಿರುಳು ಹಿಡಿಯುತ್ತಾಳೆ ಎಂದು ನೆನೆಸಿಕೊಂಡರೆ ನಗು ಬರುತ್ತದೆ, ಅಳುವೂ ಬರುತ್ತದೆ. ಅವಳಿಗೆ ಹೇಳು: ಕಣ್ಣಿನಲ್ಲಿ ನೋಡಿದರೆ ಸಾಲದು, ಎರಡು ಬೆರಳಿನಲ್ಲಿ ಉರುಳಿಸಿ ನೋಡಬೇಕು. ಬಗ್ಗಿ ಕೂರಬಾರದು, ಸೊಂಟ ಹೋಗುತ್ತದೆ. ಮೇಸ್ತ್ರಿ ಬೈದರೆ ಆ ಹೊತ್ತಿಗೆ ತಲೆ ತಗ್ಗಿಸಿ, ಆಮೇಲೆ ಮೇಜಿನವರ ಜೊತೆ ಸೇರಿ ಅವನಿಗೊಂದು ಅಡ್ಡಹೆಸರು ಇಡಬೇಕು.

ಅವಳಿಗೆಂದು ಇನ್ನೊಂದು ಸಂಗತಿ ಬಚ್ಚಿಟ್ಟು ಕಳಿಸಿದ್ದೇನೆ. ಏನೆಂದು ನಿನಗೆ ಹೇಳುವುದಿಲ್ಲ. ನಿನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅವಳಿಗೆ ಹೇಳಿಬಿಟ್ಟರೆ ಎಲ್ಲ ಹಾಳು. ಅವಳಾಗಿಯೇ ಕಂಡುಹಿಡಿದು ನಿನ್ನ ಮುಂದೆ ಕೈ ಚಾಚಿದ ದಿನ ನನಗೆ ಬರೆ. ಅಷ್ಟಾದರೆ ಅವಳು ಕಲಿತಳು ಎಂದು ಲೆಕ್ಕ.

ಹಪ್ಪಳ ವಿಲ್ಸನಿಗೆ ಸಿಗದ ಹಾಗೆ ಅಡಿಯಲ್ಲಿ ಇಟ್ಟಿದ್ದೇನೆ.

ಕುಶಲಾ


ಮ್ಟ್ವಾರಾ
6 ನವೆಂಬರ್ 2024

ಅಕ್ಕಾ,

ಇಲ್ಲಿ ಸೀಸನ್ ಶುರುವಾಗಿದೆ, ಉಸಿರಾಡಲು ಪುರುಸೊತ್ತಿಲ್ಲ. ಮೊದಲು ಒಳ್ಳೆಯ ಸುದ್ದಿ. ನಿನ್ನ ಮಾದರಿಯಲ್ಲಿ ಅರ್ಧ ಕಲಿಸಲಿಕ್ಕೆ ಬಳಸಿದೆವು, ಉಳಿದರ್ಧ ಪರೀಕ್ಷೆಗೆ. ಪರೀಕ್ಷೆಯಲ್ಲಿ ಒಂದು ತಪ್ಪೂ ಇಲ್ಲ. ಮನ್ವಿತಾ ಮೇಡಂ ಎಲ್ಲರ ಎದುರು ನನ್ನ ಕೈ ಕುಲುಕಿದರು. ಪರ್ಮನೆಂಟ್ ಆರ್ಡರ್ ಜನವರಿಯಲ್ಲಿ ಕೊಡುತ್ತಾರಂತೆ. ಅಮ್ಮನಿಗೆ ಹೇಳು, ಈ ಸಲ ರೂಪೇಶ ಬಿದ್ದಿಲ್ಲ ಎಂದು.

ನೀನು ಬಚ್ಚಿಟ್ಟದ್ದು ಝೈನಬ್‌ಗೆ ಸಿಕ್ಕಿತು. ನೀನು ಹೇಳಿದ ಹಾಗೆಯೇ ಬಂದು ಕೈ ಚಾಚಿ ತೋರಿಸಿದಳು. ಭಾರೀ ಖುಷಿ ಅವಳಿಗೆ.

ಮೊದಲ ಕಂಟೇನರ್ ಮುಂದಿನ ವಾರ ತುಂಬಿಸುತ್ತೇವೆ, ಹಾಲೆಂಡಿಗೆ. ಇನ್ನು ಸ್ವಲ್ಪ ದಿನ ಕಾಗದ ಬರೆಯಲು ಆಗುವುದಿಲ್ಲ, ಬೇಜಾರು ಮಾಡಬೇಡ.

ರೂಪೇಶ್


ಕಾವೂರು
15 ಡಿಸೆಂಬರ್ 2024

ರೂಪೇಶಾ,

ನಿನ್ನ ನಾಲ್ಕು ಸಾಲಿನ ಕಾಗದವನ್ನು ನಾನು ಹಾಲ್‌ನಲ್ಲಿ ಗಟ್ಟಿಯಾಗಿ ಓದಿದೆ. ಮಾಲು ಹೋಯಿತಲ್ಲ, ಇನ್ನು ಗುಟ್ಟು ಯಾಕೆ ಎಂದು. ಝೈನಬ್ ಕೈ ಚಾಚಿದಳು ಎಂದಾಗ ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. "ಎಲ್ಲ ಹಿಡಿದಳಾ ಮಾರಾಯ್ತಿ? ನಾನೇ ಮೊದಲ ಸಲ ಎರಡು ಬಿಟ್ಟಿದ್ದೆ" ಎಂದು ಸೌದಾ ಹೊಟ್ಟೆಕಿಚ್ಚು ಪಟ್ಟಳು. ನಿರೀಕ್ಷಾಳಿಗೆ ಈಗ ನಾವು ಏನು ಹೇಳಿದರೂ "ಝೈನಬಳನ್ನು ನೋಡಿ ಕಲಿ" ಎನ್ನುವುದು. ಪಾಪದ ಹುಡುಗಿ ಅಳುವುದೊಂದು ಬಾಕಿ.

ಗುರುವಾರ ವಿಲ್ಸನನ ಹೆಂಡತಿ ಬಿಕರ್ನಕಟ್ಟೆಗೆ ಹೊರಟಿದ್ದಳು, ಜೊತೆಗೆ ನಾನೂ ಹೋಗಿ ಬಾಲಯೇಸುವಿಗೆ ನಿನ್ನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ನಮ್ಮ ದೈವಕ್ಕೂ ಹೇಳಿಕೊಂಡಿದ್ದೇನೆ. ಯಾರು ಮಾಡಿಕೊಟ್ಟರೂ ಸರಿ, ನಿನ್ನ ಆರ್ಡರ್ ಕೈಗೆ ಬರಲಿ.

ಹಾಲ್‌ನ ಹಿಂದಿನ ಗೋಡೆ ಒಡೆದು ಹೊಸ ಕೋಣೆ ಕಟ್ಟುತ್ತಾ ಇದ್ದಾರೆ. ನೆಲಕ್ಕೆ ದಪ್ಪ ಕಾಂಕ್ರೀಟು, ಎಸಿ ಬೇರೆ. ಎಂತಕ್ಕೆ ಎಂದು ಕೇಳಿದರೆ, ಊರಿಗೆ ಬಂದಿದ್ದ ಮನ್ವಿತಾ ಮೇಡಂ "ಸ್ಟೋರ್" ಎಂದರು. ಸ್ಟೋರಿಗೆ ಎಸಿ ಯಾಕೆ? ನಿನಗೆ ಏನಾದರೂ ಗೊತ್ತುಂಟಾ? ಮೊನ್ನೆ ಫೋನಿನಲ್ಲಿ ಕೇಳಿದಾಗ ಅಮ್ಮನ ಸೊಂಟನೋವಿನ ವಿಷಯ ಎತ್ತಿದೆ. ನಿನಗೆ ಅಮ್ಮನ ಸೊಂಟದ ಮೇಲೆ ಅಷ್ಟು ಪ್ರೀತಿ ಯಾವಾಗ ಬಂತು?

ಝೈನಬ್‌ಳ ಒಂದು ಫೋಟೋ ಕಳಿಸು. ಹಾಲ್‌ನವರೆಲ್ಲ ಕೇಳುತ್ತಾ ಇದ್ದಾರೆ.

ಕುಶಲಾ


ಮ್ಟ್ವಾರಾ
24 ಫೆಬ್ರವರಿ 2025

ಅಕ್ಕಾ,

ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ. ಇದನ್ನು ವಿಲ್ಸನ್ ಕೈಯಲ್ಲಿ ಕಳಿಸಿದ್ದೇನೆ, ಅಮ್ಮನ ಎದುರು ಓದಬೇಡ.

ಕಂಟೇನರನ್ನು ಹಾಲೆಂಡಿನವರು ತಿರಸ್ಕರಿಸಿದರು. ಬಂದರಿನಲ್ಲಿ ಡಬ್ಬಿ ಒಡೆದು ನೋಡಿದ್ದಾರೆ, ಹುಳ. ಒಂದೆರಡರಲ್ಲಿ ಅಲ್ಲ, ಎಲ್ಲದರಲ್ಲಿ. ಸೂಜಿಮೊನೆಯಷ್ಟು ತೂತು ಇರುವ ತಿರುಳು ಪೂರ್ತಿ ಒಳ್ಳೆಯದರ ಜೊತೆಗೇ ಹೋಗಿದೆ. ಹಿಂದೆಯೇ ಹೊರಟಿದ್ದ ಮಾಲನ್ನೂ ಯಾರೂ ಮುಟ್ಟುತ್ತಿಲ್ಲ. ಹತ್ತು ದಿನದಿಂದ ಫ್ಯಾಕ್ಟರಿ ನಿಂತಿದೆ. ನನ್ನ ಪಾಸ್‌ಪೋರ್ಟ್ ಆಫೀಸಿನಲ್ಲಿ ಇಟ್ಟುಕೊಂಡಿದ್ದಾರೆ.

ಈಗ ನಾನು ನಿನಗೆ ಹೇಳದೇ ಇದ್ದದ್ದನ್ನು ಹೇಳಬೇಕು. ಇಲ್ಲಿ ಗ್ರೇಡಿಂಗ್ ಮಾಡುವ ಹುಡುಗಿಯರು ಯಾರೂ ಇಲ್ಲ. ಒಂದು ಮಿಷಿನ್ ಉಂಟು. ಅದಕ್ಕೆ ಕ್ಯಾಮರಾ ಇವೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಮೊದಲು ಮಾದರಿ ತೋರಿಸಿದರೆ ಅದು ನೋಡಿ ಕಲಿಯುತ್ತದೆ. ಆಮೇಲೆ ನಿಲ್ಲದೆ ಬೇರೆ ಮಾಡುತ್ತಾ ಹೋಗುತ್ತದೆ. ನಾನು ಕಲಿಸಿದ್ದು ಅದಕ್ಕೆ, ನೀನು ಕಳಿಸಿದ ಡಬ್ಬಿಗಳಿಂದ. ಝೈನಬ್ ಇದ್ದಾಳೆ. ಗೇಟಿನ ಹತ್ತಿರ ಚಾ ಮಾರುತ್ತಾಳೆ. ಗ್ರೇಡಿಂಗ್ ಕೆಲಸ ಕೇಳಿದ್ದಳು, ಮುಂದಿನ ವರ್ಷ ನೋಡುವ ಎಂದಿದ್ದೆ. ನಿಮ್ಮ ಹಾಲ್‌ನ ಹಿಂದಿನ ಕೋಣೆ ಇಂಥದ್ದೇ ಇನ್ನೊಂದು ಮಿಷಿನ್‌ಗೆ. ಯಾರಿಗೂ ಹೇಳಬಾರದು ಎಂದು ಮೇಡಂ ಹೇಳಿದ್ದರು. ಹೇಳಿದರೆ ನೀನು ಮಾದರಿ ಕೊಡುತ್ತಿರಲಿಲ್ಲ ಎಂದು ನನಗೂ ಹೆದರಿಕೆ ಇತ್ತು.

ನಿನ್ನೆ ನಿನ್ನ ಡಬ್ಬಿಗಳಲ್ಲಿ ಉಳಿದದ್ದನ್ನು ಮೇಜಿನ ಮೇಲೆ ಸುರಿದು ಒಂದೊಂದೇ ತಿರುಗಿಸಿ ನೋಡಿದೆ. ಒಳ್ಳೆಯದು ಎಂದು ಚೀಟಿ ಇದ್ದ ಪ್ರತಿ ಡಬ್ಬಿಯಲ್ಲೂ ಹುಳ ಕೊರೆದದ್ದು ಇತ್ತು. ಪರೀಕ್ಷೆ ಮಾಡಿದ್ದೂ ಇವೇ ಡಬ್ಬಿಗಳಿಂದ, ಅದಕ್ಕೇ ತಪ್ಪು ಕಾಣಲಿಲ್ಲ. ನಾನು ಮೊದಲೇ ಹೀಗೆ ನೋಡಿರಲಿಲ್ಲ. ಅಕ್ಕನ ಕೈಯದ್ದು, ನೋಡುವುದು ಎಂತ ಎಂದುಕೊಂಡೆ.

ನಿನಗೆ ಯಾರಾದರೂ ಮಿಷಿನ್ ವಿಷಯ ಮೊದಲೇ ಹೇಳಿದ್ದರಾ? ನೀನು ಬೇಕೆಂದೇ ಮಾಡಿದೆಯಾ ಅಕ್ಕಾ?

ರೂಪೇಶ್


ಕಾವೂರು
9 ಮಾರ್ಚ್ 2025

ರೂಪೇಶ,

ಬೇಕೆಂದೇ ಮಾಡಿದೆ. ಆದರೆ ನೀನು ಕೇಳಿದ ಅರ್ಥದಲ್ಲಿ ಅಲ್ಲ.

ನಮ್ಮ ಮೇಜಿನಲ್ಲಿ ಹೊಸಬಳು ಬಂದರೆ, ಎಲ್ಲ ಹೇಳಿಕೊಟ್ಟಾದ ಮೇಲೆ ಅವಳ ಮುಂದೆ ಒಂದು ತಟ್ಟೆ ಇಡುತ್ತೇವೆ. ಎಲ್ಲ ಬಿಳಿ ತಿರುಳು, ಒಂದನ್ನೊಂದು ಮೀರಿಸುವ ಹಾಗೆ. ಅದರ ನಡುವೆ ಅವಳಿಗೆ ಗೊತ್ತಿಲ್ಲದ ಹಾಗೆ ಹುಳ ಕೊರೆದದ್ದು ನಾಲ್ಕೈದು ಸೇರಿಸುತ್ತೇವೆ. ತಟ್ಟೆಗೆ ಕಳ್ಳ ಬಿಡುವುದು ಎನ್ನುತ್ತೇವೆ ಅದಕ್ಕೆ. "ಇದು ಪಾಸ್ ಆದ ಮಾಲು, ಸುಮ್ಮನೆ ನೋಡಿ ಕಲಿ" ಎಂದು ಹೇಳಿ ಎದ್ದು ಹೋಗುವುದು. ಹಿರಿಯರು ಒಳ್ಳೆಯದು ಎಂದದ್ದನ್ನೂ ನಂಬದೆ, ಉರುಳಿಸಿ ನೋಡಿ, ಕಳ್ಳನನ್ನು ಹೆಕ್ಕಿ ಅಂಗೈಯಲ್ಲಿ ಇಟ್ಟು ಅವಳು ನಮ್ಮ ಎದುರು ಕೈ ಚಾಚಬೇಕು. ಆಗ ಒಂದು ಇಡೀ ತಿರುಳನ್ನು ಅವಳ ಬಾಯಿಗೆ ಹಾಕುತ್ತೇವೆ. ಹಾಲ್‌ನಲ್ಲಿ ತಿಂದರೆ ಗೇಟಿನಿಂದ ಹೊರಗೆ ಎಂಬ ಕಾನೂನು ಉಂಟು, ಆ ಒಂದು ತಿರುಳಿಗೆ ಮಾತ್ರ ಮೇಸ್ತ್ರಿ ಆಚೆ ಮುಖ ಮಾಡುತ್ತಾನೆ. ನನಗೆ ಹಾಗೆ ಕಲಿಸಿದ್ದು, ಸೌದಾಳಿಗೆ ಹಾಗೆ, ನಿರೀಕ್ಷಾಳಿಗೂ ಹಾಗೆ.

ಅಲ್ಲಿ ಅವಳ ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇಲ್ಲವಲ್ಲ, ಪಾಪ, ಅಭ್ಯಾಸ ಆಗಲಿ ಎಂದು ಒಂದೊಂದು ಡಬ್ಬಿಗೆ ಒಂದೊಂದು ಹಿಡಿ ಸೇರಿಸಿದೆ. ತೂತು ನುಣ್ಣಗೆ ಇರುವಂಥದ್ದನ್ನೇ ಹುಡುಕಿ ಹುಡುಕಿ ಹಾಕಿದೆ.

ನಾನು ಬಚ್ಚಿಟ್ಟದ್ದು ಅದು. ಅವಳು ಕೈ ಚಾಚಿದಳು ಎಂದು ನೀನು ಬರೆದೆಯಲ್ಲ? ಯಾವ ಕೈ ಅದು ರೂಪೇಶ? ಕಣ್ಣುಮುಚ್ಚಿ ಸುಳ್ಳು ಬರೆಯುವಾಗ ನಿನಗೆ ಏನೂ ಅನಿಸಲಿಲ್ಲವಾ? ಆ ಒಂದು ಸಾಲು ಬರೆಯದೆ, ಅಕ್ಕಾ ಎಂತ ಬಚ್ಚಿಟ್ಟಿದ್ದೀ ಎಂದು ಕೇಳಿದ್ದರೆ ಆವತ್ತೇ ಹೇಳುತ್ತಿದ್ದೆ. ಮಿಷಿನ್ ಎಂದು ಮೊದಲೇ ಹೇಳಿದ್ದರೆ ಅಳುತ್ತಿದ್ದೆ, ಬೈಯುತ್ತಿದ್ದೆ, ಆದರೆ ನಿನಗೋಸ್ಕರ ಒಂದೇ ಒಂದು ಕಳ್ಳ ಇಲ್ಲದ ಹಾಗೆ ಮಾಡಿ ಕಳಿಸುತ್ತಿದ್ದೆ. ಅಷ್ಟೂ ಗೊತ್ತಿಲ್ಲವಾ ನಿನಗೆ ನಿನ್ನ ಅಕ್ಕ?

ಹಾಲ್‌ನವರ ಮುಖ ನೋಡಲು ಆಗುತ್ತಿಲ್ಲ. ಝೈನಬ್‌ಳ ಫೋಟೋ ಬಂತಾ ಎಂದು ನಿರೀಕ್ಷಾ ಈವತ್ತೂ ಕೇಳಿದಳು.

ಕುಶಲಾ


ಮ್ಟ್ವಾರಾ
30 ಮಾರ್ಚ್ 2025

ಅಕ್ಕಾ,

ಡಬ್ಬಿಗಳ ಜೊತೆ ಒಂದು ಪೊಟ್ಟಣದಲ್ಲಿ ಗಾಜಿನ ಬಳೆ ಇತ್ತು. ನೀನು ಬಚ್ಚಿಟ್ಟದ್ದು ಅದೇ ಎಂದುಕೊಂಡೆ. ಸೌದಕ್ಕ ಇಟ್ಟದ್ದು ಇರಬೇಕು. ಆ ಬಳೆ ಈಗಲೂ ನನ್ನ ಡ್ರಾವರಿನಲ್ಲಿ ಉಂಟು. ಸುಳ್ಳು ಹೇಳಿದ್ದು ತಪ್ಪು. ಸಾವಿರ ಸಲ ತಪ್ಪು.

ನೀನು ಬರೆದದ್ದನ್ನು ನಾನು ಇವರಿಗೆ ಹೇಳಿ ನೋಡಿದೆ. ಯಾರೂ ನಂಬುವುದಿಲ್ಲ. ಕಲಿಸಲಿಕ್ಕೆ ಯಾರಾದರೂ ಕೆಟ್ಟದ್ದನ್ನು ಒಳ್ಳೆಯದು ಎಂದು ಕೊಡುತ್ತಾರಾ ಎಂದು ನಗುತ್ತಾರೆ. ಮಿಷಿನ್ ಕೊಟ್ಟ ಕಂಪೆನಿಯವರು ತಪ್ಪು ಟೆಕ್ನಿಷಿಯನ್‌ನದ್ದು ಎಂದು ಬರೆದು ಕೊಟ್ಟಿದ್ದಾರೆ. ಹಾಗೆ ಆದರೆ ನನ್ನ ಕೆಲಸ ಮಾತ್ರ ಅಲ್ಲ, ಇನ್ನು ಯಾವ ಕಂಪೆನಿಯೂ ನನ್ನನ್ನು ಮಿಷಿನ್ ಹತ್ತಿರ ಸೇರಿಸುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ಮಸ್ಕತ್‌ನಿಂದ ಬಂದಾಗ ಹೇಗಿದ್ದೆನೋ ಹಾಗೆಯೇ ಆಗಿದ್ದೇನೆ.

ಮನ್ವಿತಾ ಮೇಡಂ ಒಂದು ದಾರಿ ಹೇಳಿದ್ದಾರೆ. ಮಿಷಿನ್ ಬರುವ ಸುದ್ದಿ ತಿಳಿದು, ಅದು ಕೆಡಲಿ ಎಂದು ಬೇಕೆಂದೇ ಹುಳದ ತಿರುಳು ಸೇರಿಸಿದೆ, ತಮ್ಮನಿಗೆ ಇದು ಗೊತ್ತಿರಲಿಲ್ಲ ಎಂದು ನೀನು ಬರೆದುಕೊಟ್ಟರೆ ನನ್ನ ಮೇಲೆ ತಪ್ಪು ಬರುವುದಿಲ್ಲ. ಪೊಲೀಸಿಗೆ ಕೊಡುವುದಿಲ್ಲ ಎಂದಿದ್ದಾರೆ. ನೀನು ಕೆಲಸ ಬಿಡಬೇಕಾಗುತ್ತದೆ. ಹೇಗೂ ಆ ಹಾಲ್ ಇನ್ನು ಹೆಚ್ಚು ದಿನ ಇರುವುದಿಲ್ಲ ಅಕ್ಕಾ.

ಇದನ್ನು ಕೇಳುವಾಗ ನನ್ನ ಬಗ್ಗೆ ನನಗೇ ಅಸಹ್ಯ ಆಗುತ್ತದೆ. ಆದರೂ ಕೇಳುತ್ತಾ ಇದ್ದೇನೆ.

ರೂಪೇಶ್


ಕಾವೂರು
8 ಜೂನ್ 2025

ರೂಪೇಶ,

ನಾನು ಬರೆದುಕೊಟ್ಟದ್ದು ನಿನಗೆ ಗೊತ್ತುಂಟು, ನಿನ್ನ ಪಾಸ್‌ಪೋರ್ಟ್ ವಾಪಸ್ ಸಿಕ್ಕಿತು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆಯಲ್ಲ. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಬೇಕೆಂದೇ ಬರಲಿಲ್ಲ. ಆಮೇಲೆ ನಡೆದದ್ದನ್ನು ನೀನು ಬರುವ ಮೊದಲು ತಿಳಿಯಬೇಕು, ಅದಕ್ಕೇ ಬರೆಯುತ್ತಾ ಇದ್ದೇನೆ. ಇದು ವಿಲ್ಸನ್ ಕೈಯಲ್ಲಿ ಬೇಡ ಎಂದು ಅಂಚೆಗೆ ಹಾಕುತ್ತೇನೆ.

ದಣಿಗಳ ಮಣ್ಣಗುಡ್ಡದ ಮನೆಯ ಆಫೀಸಿನಲ್ಲಿ ಕಾಗದ ಮೊದಲೇ ಟೈಪ್ ಆಗಿ ಕಾಯುತ್ತಾ ಇತ್ತು. ದ್ವೇಷದಿಂದ ಎಂಬ ಶಬ್ದ ಅದರಲ್ಲಿತ್ತು. ಅದೊಂದು ತೆಗೆಯಿರಿ ಎಂದೆ. ತೆಗೆಯಲು ಆಗುವುದಿಲ್ಲ ಎಂದರು ಮನ್ವಿತಾ ಮೇಡಂ. ಸಂಕಪ್ಪ ದಣಿಗಳು ಪಕ್ಕದ ಕುರ್ಚಿಯಲ್ಲೇ ಇದ್ದರು, "ನಿನ್ನಿಂದ ಇದನ್ನು ನೆನೆಸಿರಲಿಲ್ಲ ಕುಶಲಾ" ಎಂದರು. ಸಹಿ ಹಾಕಿದೆ. ಹಾಲ್‌ನವರು ಮಿಷಿನ್ ಬೇಡ ಎಂದು ತಕರಾರು ತೆಗೆದರೆ ತೋರಿಸಲು ಅವರಿಗೆ ಈಗ ನನ್ನ ಕಾಗದ ಉಂಟು. ಇಂಥವರನ್ನು ನಂಬಿ ಫ್ಯಾಕ್ಟರಿ ನಡೆಸುವುದು ಹೇಗೆ ಎಂದು ಯೂನಿಯನ್ನಿನವರನ್ನು ಕೇಳಿದ್ದಾರಂತೆ. ನನಗೆ ಅಷ್ಟು ಮೊದಲೇ ಹೊಳೆಯಲಿಲ್ಲ. ಹೊಳೆದಿದ್ದರೂ ಹಾಕುತ್ತಿದ್ದೆನೋ ಏನೋ.

ಕೆಲಸ ಹೋದ ಮರುದಿನ ಆ ಕಾಗದದ ಸುದ್ದಿ ಕೇಳಿ ಮೇಜಿನವರೆಲ್ಲ ಮನೆಗೆ ಬಂದರು. ಬೈಯಲು ಬಂದಿದ್ದಾರೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಸೌದಾ ಪತ್ತಿರ್, ಅವರ ಅಕ್ಕಿರೊಟ್ಟಿ, ಮಾಡಿ ತಂದಿದ್ದಳು. "ನಿನ್ನ ಧೈರ್ಯಕ್ಕೆ ಎಂತ ಹೇಳುವುದು ಮಾರಾಯ್ತಿ! ಝೈನಬ್ ಎಂದು ನಮ್ಮನ್ನೂ ನಂಬಿಸಿ, ನಮ್ಮ ಅನ್ನ ಕಸಿಯಲು ಬಂದದ್ದಕ್ಕೇ ಕಳ್ಳ ಬಿಟ್ಟೆಯಲ್ಲ" ಎಂದು ನನ್ನನ್ನು ಅಪ್ಪಿಕೊಂಡಳು. ನಿರೀಕ್ಷಾ ನನ್ನ ಕಾಲು ಮುಟ್ಟಿದಳು. ಬೀದಿಯಲ್ಲಿ ಹೋದರೆ ಬೇರೆ ಫ್ಯಾಕ್ಟರಿಯ ಹೆಂಗಸರೂ ನಿಂತು ಮಾತಾಡಿಸುತ್ತಿದ್ದರು. ಮಾಡದ ಕೆಲಸಕ್ಕೆ ನಾನು ದೊಡ್ಡವಳಾದೆ. ನಾಚಿಕೆಯಾಗುತ್ತಿತ್ತು, ಆದರೂ ಸುಳ್ಳು ಹೇಳುವುದಿಲ್ಲ, ಒಳಗೆ ಸ್ವಲ್ಪ ಹಿತವೂ ಆಗುತ್ತಿತ್ತು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಮಿಷಿನ್ ಬಂತು. ಆ ಎಸಿ ಕೋಣೆಯಲ್ಲಿ ಇಳಿಸಿದ್ದಾರೆ. ಅದನ್ನು ಜೋಡಿಸಲು ನೀನೇ ಬರುವುದು, ಇಲ್ಲಿಯೂ ಕೆಟ್ಟರೆ ನಿನ್ನ ಕೆಲಸ ಹೋಯಿತು, ಇನ್ನು ಮಾತೇ ಇಲ್ಲ ಎಂದು ವಿಲ್ಸನ್ ಹೇಳಿದ. ಮಾದರಿ ಮಾಡಿಕೊಡಲು ಮೇಡಂ ಸೌದಾಳ ಮೇಜಿಗೇ ಹೇಳಿದ್ದಾರೆ. ಹುಳ ಕೊರೆದದ್ದನ್ನು ಗುರುತಿಸಬಲ್ಲವರು ಇನ್ನು ಯಾರು ಇದ್ದಾರೆ?

ಆ ದಿನವೇ ಸೌದಾ ಓಡಿ ಬಂದಳು. ಕಣ್ಣು ಹೊಳೆಯುತ್ತಿತ್ತು. "ಕುಶಲಾ, ನಾವೆಲ್ಲ ಮಾತಾಡಿ ಆಯಿತು. ಒಂದೊಂದು ತಟ್ಟೆಗೂ ಬಿಡುತ್ತೇವೆ, ನೀನು ಮಾಡಿದ ಹಾಗೆಯೇ. ಅವರು ಪರೀಕ್ಷೆ ಮಾಡಿದರೂ ಸಿಗಬಾರದು. ಎಷ್ಟೆಷ್ಟು ಬಿಡಬೇಕು, ನೀನೇ ಹೇಳಿಕೊಡು" ಎಂದಳು.

ಚಾ ಇಡುತ್ತೇನೆ ಎಂದು ಒಳಗೆ ಹೋದೆ. ಹೇಳಿಕೊಟ್ಟರೆ ಅವರ ಕೆಲಸ ಒಂದು ವರ್ಷಕ್ಕಾದರೂ ಉಳಿಯುತ್ತದೆ, ನೀನು ಹೋಗುತ್ತೀ. ನೀನು ಹೋಗುವುದು ಎಂದರೆ ಏನೆಂದು ನನಗೆ ಗೊತ್ತುಂಟು. ಚಿಲಕ ಹಾಕಲು ಬಿಡಬೇಡ ಎಂದು ಅಮ್ಮನಿಗೆ ಹೇಳಿ ಹೊರಡುತ್ತಿದ್ದವಳು ನಾನು.

ಹೊರಗೆ ಬಂದು ಎಲ್ಲ ಹೇಳಿದೆ. ಮಿಷಿನ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಝೈನಬಳಿಗೆಂದು ಕಳ್ಳ ಬಿಟ್ಟದ್ದು, ಸಹಿ ಹಾಕಿದ್ದು ತಮ್ಮನಿಗೋಸ್ಕರ ಎಂದೆ.

ಸೌದಾ ಕೂತಲ್ಲಿಂದ ಎದ್ದಳು. "ಹಾಗಾದರೆ ನೀನು ಅದಕ್ಕೆ ಕಲಿಸಲಿಕ್ಕೇ ಕೂತದ್ದಾ?" ಎಂದಳು.

"ಅವಳಿಗೆ. ಹುಡುಗಿ ಎಂದುಕೊಂಡೆ."

"ನನ್ನ ಬಳೆ?"

ಡ್ರಾವರಿನಲ್ಲಿ ಉಂಟು ಎಂದೆ. ಅವಳ ಮುಖದಲ್ಲಿ ಏನೋ ಇಳಿದು ಹೋದದ್ದು ನಾನು ನೋಡಿದೆ. ಆಮೇಲೆ ನಾನು ಮಾಡಬಾರದ್ದನ್ನೂ ಮಾಡಿದೆ ರೂಪೇಶ. ಅವಳ ಎರಡೂ ಕೈ ಹಿಡಿದು, ಕಳ್ಳ ಬಿಡಬೇಡಿ ಎಂದು ಬೇಡಿದೆ. ನನಗೆ ಇರುವುದು ಅವನೊಬ್ಬ ಎಂದೆ. ಅವಳಿಗೂ ಮನೆಯಲ್ಲಿ ಬಾಯಿಗಳಿವೆ. ಅದು ಗೊತ್ತಿದ್ದೇ ಕೇಳಿದೆ.

"ಆಯಿತು" ಎಂದಳು. "ನಿನ್ನ ತಮ್ಮನಿಗೆ ಮಾಡಿಕೊಡುತ್ತೇವೆ. ಇನ್ನು ನೀನು ನಮ್ಮ ಕಡೆ ಬರುವುದು ಬೇಡ." ಚಾ ಕುಡಿಯದೆ ಹೋದಳು.

ಮಾತು ಉಳಿಸಿಕೊಂಡಿದ್ದಾಳೆ. ಡಬ್ಬಿಗಳು ನಿನ್ನೆ ಕೋಣೆಗೆ ಹೋದವಂತೆ. ನಿರೀಕ್ಷಾ ಬಸ್ಸಿನಲ್ಲಿ ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದಳು.

ನೀನು ಬಂದು ಮಿಷಿನ್ ಜೋಡಿಸು. ಹಾಲ್ ದಾಟಿಯೇ ಆ ಕೋಣೆಗೆ ಹೋಗಬೇಕು, ಬೇರೆ ದಾರಿ ಇಲ್ಲ. ಅವರು ಮೇಜುಗಳ ಹತ್ತಿರ ಕೂತಿರುತ್ತಾರೆ, ಹೆದರಬೇಡ. ಯಾರೂ ನಿನಗೆ ಏನೂ ಹೇಳುವುದಿಲ್ಲ. ಅದನ್ನೂ ನಾನು ಬೇಡಿಕೊಂಡಿದ್ದೇನೆ.

ಕುಶಲಾ